ಕೌದಿ ಮೇಲೆ ಮಲಗಿದ್ದ ಸುಬ್ಬಿ

ಮಗಳು ಅಂಗೈಯನ್ನು ಮೂಗಿನ ಕೆಳಗಿಟ್ಟು ಮೇಲಕ್ಕೆ ಉಜ್ಜುವುದನ್ನು ಮೊದಲ ಸಲ ನೋಡಿದಾಗ ನಾವೆಲ್ಲ ನಕ್ಕಿದ್ದೆವು. "ಆನಿ ಸೊಂಡಿಲು ಎತ್ತಿದಂಗ ಮಾಡ್ತಾಳ ನೋಡು" ಅಂದಿದ್ದರು ಅತ್ತೆ. ಬಂದವರ ಮುಂದೆ "ಆನಿ ಮಾಡಿ ತೋರ್ಸು" ಅಂತ ನಾವೇ ಹೇಳುತ್ತಿದ್ದೆವು. ಅವಳೂ ಖುಷಿಯಿಂದ ಮಾಡಿ ತೋರಿಸುತ್ತಿದ್ದಳು. ಆಗ ಅವಳಿಗೆ ಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು. ಅದು ಆಟ ಅಲ್ಲ, ಮೂಗಿನೊಳಗಿನ ತುರಿಕೆ ಅಂತ ಗೊತ್ತಾಗಲು ನಮಗೆ ತಿಂಗಳುಗಳೇ ಬೇಕಾದವು.

ನಾವಿರುವುದು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ. ಈ ಕಡೆ ಮಕ್ಕಳಿಗೆ ಕೆಮ್ಮು ಬಂದರೆ ಕಾರಣ ಹುಡುಕಿಕೊಂಡು ಯಾರೂ ದೂರ ಹೋಗುವುದಿಲ್ಲ. ಮಾಳಿಗೆ ಹತ್ತಿ ಪ್ಯಾರಾಪೆಟ್ ಮೇಲೆ ಬೆರಳಾಡಿಸಿದರೆ ಸಾಕು, ಬೆರಳು ಕಪ್ಪಾಗುತ್ತದೆ. ಒಣಗಲು ಹಾಕಿದ ಸಂಡಿಗೆ ಮೇಲೂ ಅದೇ ಕರಿ ಪುಡಿ. ಹಾಗಾಗಿ ಮೊದಲ ಆರೋಪಿ ಕಾರ್ಖಾನೆ ಧೂಳು. ಎರಡನೆಯದು ಕೂದಲು. ಭಾಗ್ಯನಗರ ಅಂದರೆ ಕೂದಲಿನ ಊರು ಅಲ್ವಾ? ಬಾಚಿದಾಗ ಉದುರಿದ ಕೂದಲನ್ನು ಎಲ್ಲೆಲ್ಲಿಂದಲೋ ತಂದು, ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟಿ ಹೊರಗೆ ಕಳಿಸುತ್ತಾರೆ. ನಮ್ಮ ಓಣಿಯಲ್ಲೇ ಹಲವು ಮನೆಯ ಹೆಣ್ಣುಮಕ್ಕಳು ಆ ಕೆಲಸಕ್ಕೆ ಹೋಗುತ್ತಾರೆ. "ಕೂದ್ಲು ಗಾಳಿಗೆ ಹಾರಿ ಬರ್ತಾವ, ಕೂಸಿನ ಮೂಗಿಗೆ ಹೋಗ್ತಾವ" ಅಂತ ಪಕ್ಕದ ಮನೆಯವರು ಹೇಳಿದರು. ನಾನೂ ನಂಬಿದೆ. ಎರಡು ತಿಂಗಳು ಬೀದಿ ಕಡೆಯ ಕಿಟಕಿಯನ್ನು ಗಟ್ಟಿಯಾಗಿ ಮುಚ್ಚಿಟ್ಟೆ. ಆಮೇಲೆ ಗೊತ್ತಾಯಿತು, ಕಿಟಕಿ ಮುಚ್ಚಿ ನಾನು ಮನೆಯೊಳಗಿದ್ದ ಕಾರಣವನ್ನು ಒಳಗೇ ಉಳಿಸಿಕೊಂಡಿದ್ದೆ.

ಸುಬ್ಬಿಯ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಅವಳು ಅತ್ತೆಯ ಬೆಕ್ಕು. ಜೋಳದ ಚೀಲಕ್ಕೆ ಇಲಿ ಕಾಟ ಜಾಸ್ತಿಯಾಗಿದೆ ಅಂತ ತಂದ ಮರಿ, ಇಲಿ ಹಿಡಿದಿದ್ದಕ್ಕಿಂತ ಹಾಲು ಕುಡಿದಿದ್ದೇ ಹೆಚ್ಚು. ಬಿಳಿ ಮೈ, ಬೆನ್ನ ಮೇಲೆ ಬೂದಿ ಬಣ್ಣದ ಪಟ್ಟಿ. ಮಗಳು ನಡೆಯಲು ಕಲಿತಿದ್ದೇ ಅವಳ ಬಾಲದ ಹಿಂದೆ. ಅತ್ತೆಗೆ ಒಂದು ಎಚ್ಚರಿಕೆ ಮೊದಲಿನಿಂದ ಇತ್ತು. ಬೆಕ್ಕಿನ ಕೂದಲು ಊಟದಲ್ಲಿ ಹೊಟ್ಟೆಗೆ ಹೋದರೆ ದಮ್ಮು ಬರುತ್ತದೆ ಅನ್ನೋದು ಅವರ ನಂಬಿಕೆ. ಅದಕ್ಕೆ ತಟ್ಟೆ ಹತ್ತಿರ ಸುಬ್ಬಿ ಬಂದರೆ ಲಟ್ಟಣಿಗೆ ಹಿಡಿದು ಓಡಿಸುತ್ತಿದ್ದರು. ಊಟದಲ್ಲಿ ಕೂದಲು ಬೀಳದಂತೆ ನೋಡಿಕೊಂಡರೆ ಮುಗಿಯಿತು ಅಂತ ನಾವೆಲ್ಲ ನಿಶ್ಚಿಂತೆಯಾಗಿದ್ದೆವು.

ಸೆಪ್ಟೆಂಬರ್‌ನಲ್ಲಿ ಶುರುವಾದ ನೆಗಡಿ ದಸರಾ ಮುಗಿದರೂ ಹೋಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಏಳೆಂಟು ಸೀನು. ಮೂಗಿನಿಂದ ನೀರಿನ ಹಾಗೆ ತೆಳ್ಳಗೆ ಸೋರುವುದು. ಕಣ್ಣು ಕೆಂಪು. ಕಣ್ಣಿನ ಕೆಳಗೆ ಕಾಡಿಗೆ ಅಳಿಸಿದ ಹಾಗೆ ಕಪ್ಪು. ನಿದ್ದೆ ಸಾಲುತ್ತಿಲ್ಲ ಅಂದುಕೊಂಡೆ. ರಾತ್ರಿ ಒಂದು ಗಂಟೆ ಸುಮಾರಿಗೆ ಒಣ ಕೆಮ್ಮು ಬೇರೆ. ಒಬ್ಬ ಡಾಕ್ಟರ ಹತ್ತಿರ ಮೂರು ಸಲ ಹೋದೆವು. ಮೂರು ಸಲವೂ ಆಂಟಿಬಯೋಟಿಕ್ ಬರೆದರು. ಐದು ದಿನ ಕುಡಿಸಿದೆವು, ಹೋಗಲಿಲ್ಲ. ಆ ಮೂರೂ ಸಲ ಅವಳಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜ್ವರ ಬಂದರೆ ತಾನೇ ಹೇಳುವುದು, ಬರದಿದ್ದರೆ ಏನು ಹೇಳೋದು ಅಂತ ನನ್ನ ಲೆಕ್ಕ. ಈಗ ಯಾರಾದರೂ ಕೇಳಿದರೆ ಅದನ್ನೇ ಮೊದಲು ಹೇಳುತ್ತೇನೆ. ಸಾದಾ ನೆಗಡಿ ಬಂದರೆ ಒಂದೆರಡು ದಿನ ಮೈ ಬಿಸಿಯಾಗಬಹುದು, ಮಗು ಸಪ್ಪಗಾಗುತ್ತದೆ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಇದು ಹಾಗಲ್ಲ. ಜ್ವರ ಇಲ್ಲ, ಮಗು ಆಡಿಕೊಂಡೇ ಇದೆ, ಆದರೆ ವಾರಗಟ್ಟಲೆ ಮೂಗು ಸೋರುತ್ತದೆ, ಮುಖ್ಯವಾಗಿ ತುರಿಸುತ್ತದೆ. ಮೂರು ವರ್ಷದ ಮಗುವಿಗೆ "ನನಗೆ ಮೂಗಲ್ಲಿ ತುರಿಕೆ" ಅಂತ ಹೇಳಲು ಬರುವುದಿಲ್ಲ. ಅದಕ್ಕೇ ಆನೆ ಸೊಂಡಿಲು.

ಈ ನಡುವೆ ನಾನೊಂದು ತಪ್ಪು ಮಾಡಿದೆ. ಔಷಧಿ ಅಂಗಡಿಯಿಂದ ಸುಮ್ನೆ ನೆಗಡಿ ಸಿರಪ್ ತಂದು ಎರಡು ರಾತ್ರಿ ಕುಡಿಸಿದೆ. ಮೂರನೇ ರಾತ್ರಿ ಬಾಟಲಿಯ ಸಣ್ಣ ಅಕ್ಷರ ಓದಿದರೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬರೆದಿತ್ತು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಸಿರಪ್‌ಗಳ ಮೇಲೆ ಹಾಗೆ ಬರೆಯಬೇಕು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣದವರು ಆದೇಶ ಮಾಡಿದ್ದಾರೆ. ಅಂಗಡಿಯವನು ಮಗುವಿನ ವಯಸ್ಸು ಕೇಳಲಿಲ್ಲ. ನಾನೂ ಓದದೇ ಕುಡಿಸಿದೆ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದೆ.

ಡಿಸೆಂಬರ್ ಕೊನೆಯ ವಾರ ಒಂದು ರಾತ್ರಿ ಕೆಮ್ಮಿನ ಸದ್ದೇ ಬೇರೆಯಾಯಿತು. ಎದ್ದು ಲೈಟ್ ಹಾಕಿದೆ. ಮಗಳು ಮಲಗದೆ ಕೂತಿದ್ದಳು. ಉಸಿರು ಬಿಡುವಾಗ ಸುಯ್ ಅಂತ ಸೀಟಿ ಊದಿದ ಹಾಗೆ ಸದ್ದು. ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆ ಎಲುಬಿನ ನಡುವಿನ ಚರ್ಮ ಒಳಗೆ ಸೆಳೆದುಕೊಳ್ಳುತ್ತಿತ್ತು. ಗಂಟಲಿನ ಕೆಳಗಿನ ಗುಣಿಯೂ ಹಾಗೇ. "ಅವ್ವಾ" ಅಂದಳು, ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಯಜಮಾನರು ಗಾಡಿ ತೆಗೆದರು. ನಾನು ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ.

ದವಾಖಾನೆಯಲ್ಲಿ ನರ್ಸಮ್ಮ ಮೊದಲು ಮಾಡಿದ್ದು ಒಂದೇ ಕೆಲಸ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಮಗಳ ಹೊಟ್ಟೆ ಏರಿಳಿಯುವುದನ್ನು ಎಣಿಸಿದರು. 52. ಒಂದರಿಂದ ಐದು ವರ್ಷದ ಮಗು ಸುಮ್ಮನಿದ್ದಾಗ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ ಅದು ವೇಗದ ಉಸಿರು, ತಡ ಮಾಡಬಾರದು ಅಂತ ಅವರೇ ಹೇಳಿಕೊಟ್ಟರು. ನೆಬುಲೈಸರ್ ಮಾಸ್ಕ್ ಹಾಕಿ ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಮೂರು ಸಲ ಔಷಧಿ ಕೊಟ್ಟರು. ಹೊಗೆಯಂಥ ಆ ಔಷಧಿ ಎಳೆದುಕೊಳ್ಳುತ್ತ ಬೆಳಗಿನ ಜಾವ ನಿದ್ದೆಗೆ ಜಾರಿದಳು. ತುಟಿಯ ಬಣ್ಣ ನೋಡುತ್ತಿರಿ, ನೀಲಿಯಾದರೆ ಕೂಗಿ ಅಂದಿದ್ದರು. ನಾನು ಬೆಳಗಾಗುವವರೆಗೆ ತುಟಿ ನೋಡುತ್ತ ಕೂತಿದ್ದೆ.

ಅಲ್ಲಿಂದ ಮಕ್ಕಳ ಡಾಕ್ಟರು ಬದಲಾದರು. ಈ ಮೇಡಂ ಸ್ಟೆತಾಸ್ಕೋಪ್ ಇಡುವ ಮೊದಲೇ ಮಗಳ ಮುಖವನ್ನು ಒಂದು ನಿಮಿಷ ಸುಮ್ಮನೆ ನೋಡಿದರು. ಮೂಗಿನ ಮೇಲೆ ಅಡ್ಡಕ್ಕೆ ಒಂದು ತೆಳು ಗೆರೆ ಇತ್ತು. ಕನ್ನಡಕ ಹಾಕುವವರಿಗೆ ಬೀಳುತ್ತದಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ. ದಿನಾ ನೂರು ಸಲ ಮೂಗನ್ನು ಮೇಲಕ್ಕೆ ತಳ್ಳಿದರೆ ಅಲ್ಲಿ ಮಡಿಕೆ ಬೀಳುತ್ತದಂತೆ. ನಾನು ಹುಟ್ಟಿನಿಂದ ಇರುವ ಗೆರೆ ಅಂದುಕೊಂಡಿದ್ದೆ. ಯಜಮಾನರು ಆನೆ ಸೊಂಡಿಲಿನ ವಿಷಯ ಹೇಳಿದರು. ಮೇಡಂ ನಕ್ಕು, "ನಾವದಕ್ಕೆ ಅಲರ್ಜಿ ಸೆಲ್ಯೂಟ್ ಅಂತೀವಿ, ನಿಮ್ಮ ಆನಿನೇ ಚಲೋ ಐತಿ" ಅಂದರು. ಆಮೇಲೆ ಪ್ರಶ್ನೆಗಳು. ಜ್ವರ ಬರುತ್ತಾ? ಬೆಳಿಗ್ಗೆ ಜಾಸ್ತಿಯೋ ಸಂಜೆಯೋ? ಊರಿಗೆ ಹೋದಾಗ ಹೇಗಿರುತ್ತಾಳೆ? ಮನೆಯಲ್ಲಿ ಯಾರಿಗಾದರೂ ದಮ್ಮು, ಇಸುಬು ಇದೆಯಾ? ಪ್ರಾಣಿ ಸಾಕಿದ್ದೀರಾ?

"ಒಂದು ಬೆಕ್ಕೈತ್ರಿ, ಆದ್ರ ಅದು ಒಂದೂವರಿ ವರ್ಷದಿಂದ ಐತಿ" ಅಂದೆ.

ಮೇಡಂ ಏನೂ ತೀರ್ಪು ಕೊಡಲಿಲ್ಲ. ಒಂದು ತಿಂಗಳು ಬರೆದಿಟ್ಟುಕೊಂಡು ಬನ್ನಿ ಅಂದರು. ಉಸಿರಿಗೆ ತೊಂದರೆಯಾದರೆ ಅಂತ ಇನ್ಹೇಲರ್ ಬರೆದರು. ಜೊತೆಗೆ ಬಾಟಲಿಯಂಥ ಒಂದು ಪ್ಲಾಸ್ಟಿಕ್ ಕೊಳವೆ, ತುದಿಯಲ್ಲಿ ಮಗುವಿನ ಮುಖಕ್ಕೆ ಕೂಡುವ ಮಾಸ್ಕ್. ಸ್ಪೇಸರ್ ಅಂತಾರೆ. ಓಣಿಯವರ ಬಾಯಿಗೆ ಬೀಳಲು ಅಷ್ಟು ಸಾಕಾಯಿತು. "ಪಂಪ್ ಹಚ್ಚಿದ್ರ ಬಿಡೂದುಲ್ಲ, ಚಟಾ ಆಕ್ಕೈತಿ." ಅದೇ ಔಷಧಿಯನ್ನು ಸಿರಪ್ ಮಾಡಿ ಕುಡಿಸಿದರೆ ಯಾರೂ ಕೇಳುವುದಿಲ್ಲ. ಆದರೆ ಸಿರಪ್ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈತುಂಬ ಸುತ್ತಬೇಕು. ಪಂಪಿನದು ನೇರ ಎದೆಗೆ ಹೋಗುತ್ತದೆ, ಅದಕ್ಕೆ ತುಂಬ ಕಡಿಮೆ ಪ್ರಮಾಣ ಸಾಕು. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದು ಬಿಟ್ಟಿದ್ದೇನೆ.

ಬರೆಯಲು ನಾನು ಆರಿಸಿಕೊಂಡದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಎಲ್ಲ ಅದರಲ್ಲೇ ಇರುತ್ತದೆ. ಸೀನು ಬಂದರೆ ಒಂದು ಗೀಟು, ಕಣ್ಣು ಕೆಂಪಾದರೆ ಸೊನ್ನೆ, ರಾತ್ರಿ ಕೆಮ್ಮಿದರೆ ಒಂದು ಇಂಟು. ಅತ್ತೆಗೆ ಇದು ತಮಾಷೆ. "ಕೆಮ್ಮಿಗೂ ಪಂಚಾಂಗ ಬರಿಯಾಕತ್ತಾಳ" ಅಂತ ಪಕ್ಕದ ಮನೆಯವರಿಗೆ ಹೇಳಿದರು.

ಮೂರು ವಾರಕ್ಕೆ ಒಂದು ಸಂಗತಿ ಕಂಡಿತು. ಭಾನುವಾರದ ಮನೆಗಳೆಲ್ಲ ಗೀಟು, ಸೊನ್ನೆ ತುಂಬಿ ಕಪ್ಪಾಗಿದ್ದವು. ಅಂಗನವಾಡಿ ಇರುವ ದಿನ ಕಡಿಮೆ. ನಾನು ಏನು ಅರ್ಥ ಮಾಡಿಕೊಂಡೆ ಗೊತ್ತಾ? ಭಾನುವಾರ ನಾನು ಮನೆಯೆಲ್ಲ ಜಾಡಿಸಿ ಕಸ ಹೊಡೆಯುವ ದಿನ, ಅದಕ್ಕೇ ಧೂಳು ಎದ್ದು ಹೀಗಾಗುತ್ತಿದೆ. ಕ್ಯಾಲೆಂಡರ್ ಸರಿಯಾಗಿಯೇ ಹೇಳಿತ್ತು, ಓದಿದ್ದು ತಪ್ಪು. ಭಾನುವಾರ ಅವಳು ಇಡೀ ದಿನ ಮನೆಯಲ್ಲಿರುತ್ತಾಳೆ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ತವರಿಗೆ ಹೋದೆ. ಕುಷ್ಟಗಿ ಹತ್ತಿರ ಹಳ್ಳಿ. ಬಿಳಿಜೋಳದ ರಾಶಿ ನಡೆದಿತ್ತು. ಮಷಿನ್ ಓಡುತ್ತಿದ್ದರೆ ಎದುರಿಗೆ ನಿಂತವರ ಮುಖ ಕಾಣದಷ್ಟು ಧೂಳು. ಜೋಳದ ಹೊಟ್ಟು ಮೈಗೆ ಬಿದ್ದರೆ ನಮಗೇ ಕೆರೆತ. ಇವಳ ಕಥೆ ಮುಗಿಯಿತು ಅಂತ ಇನ್ಹೇಲರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದೆ. ಮೊದಲ ಮೂರು ದಿನ ಸ್ವಲ್ಪ ಸೀನಿದಳು. ನಾಲ್ಕನೇ ದಿನದಿಂದ ಏನೂ ಇಲ್ಲ. ಮೇವಿನ ಬಣವೆ ಮೇಲೆ ಜಾರಿದಳು, ಎತ್ತಿನ ಕೊರಳು ತಬ್ಬಿದಳು, ರಾತ್ರಿ ಒಂದೇ ಮಗ್ಗುಲಿಗೆ ಮಲಗಿದಳು. ಹತ್ತು ದಿನದ ಕೊನೆಗೆ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಗಿತ್ತು. "ನಿಮ್ಮ ಊರಾಗ ಕೂಸಿಗೆ ಊಟಾ ಹಾಕೂದುಲ್ಲೇನ? ಇಲ್ಲಿ ಬಂದು ಎಷ್ಟ ಚಲೋ ಆತು ನೋಡು" ಅಂದಳು ನಮ್ಮವ್ವ. ಇದು ಹೆಣ್ಣು ಕೊಟ್ಟ ಎಲ್ಲ ತಾಯಂದಿರ ಮಾತು, ಬಿಡಿ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಧೂಳೇ ಕಾರಣ ಆಗಿದ್ದರೆ ಇಲ್ಲಿ ಇವಳು ಉಸಿರಾಡುವ ಹಾಗೇ ಇರಲಿಲ್ಲ.

ವಾಪಸ್ ಬಂದದ್ದು ಮಧ್ಯಾಹ್ನ. ಬಸ್ಸಿನ ದಣಿವಿಗೆ ಮಗಳು ಒಳಗಿನ ಕೋಣೆಗೆ ಹೋಗಿ, ಮೇಲಿದ್ದ ಕೌದಿ ಎಳೆದುಕೊಂಡು ನೆಲದ ಮೇಲೇ ಮಲಗಿದಳು. ಅರ್ಧ ಗಂಟೆ ಆಗಿರಬೇಕು. ಕಣ್ಣುಜ್ಜುತ್ತ ಎದ್ದು ಬಂದಳು. ರೆಪ್ಪೆ ಬೋರೆಹಣ್ಣಿನ ಹಾಗೆ ಊದಿತ್ತು. ಕೌದಿಗೆ ತಾಗಿದ್ದ ಕೆನ್ನೆಯ ಮೇಲೆ ಗಂಧೆ ಎದ್ದಿದ್ದವು. ಸೀನು ಶುರು.

ನಾನು ಕೋಣೆಗೆ ಹೋಗಿ ನಿಂತೆ. ಅಲ್ಲಿ ಟ್ರಂಕಿನ ಮೇಲೆ ಕೌದಿಗಳ ಒಟ್ಟಿಲು ಇರುತ್ತದೆ. ಅತ್ತೆ, ಅವರ ಅತ್ತೆ ಸೇರಿ ಹಳೆ ಸೀರೆಗಳಲ್ಲಿ ಹೊಲಿದ ಹನ್ನೊಂದು ಕೌದಿ. ಬೇಸಿಗೆ, ಚಳಿ, ಮಳೆ ಯಾವ ಕಾಲಕ್ಕೂ ನಮ್ಮ ಮನೆಯಲ್ಲಿ ಹೊದೆಯಲು ಅವೇ. ಮಗಳು ಎಳೆದುಕೊಂಡ ಕೌದಿಯ ಕೆಳಗಿನದು ಈಗ ಮೇಲಿತ್ತು. ಅದರ ನಡುವೆ ಒಂದು ಗುಣಿ, ಬೋಗುಣಿ ಒತ್ತಿ ತೆಗೆದ ಹಾಗೆ ದುಂಡಗೆ. ಹತ್ತು ದಿನ ಯಾರೂ ಕೌದಿ ಬಿಡಿಸಿರಲಿಲ್ಲ, ಅಷ್ಟು ದಿನದ ಭಾರಕ್ಕೆ ಗುಣಿ ಕೆಳಗಿನ ಪದರಕ್ಕೂ ಇಳಿದಿತ್ತು. ನೆಲದ ಮೇಲೆ ಬಿದ್ದಿದ್ದ ಕೌದಿಯನ್ನು ಬೆಳಕಿಗೆ ಹಿಡಿದೆ. ಹೊಲಿಗೆಯ ಎಳೆ ಎಳೆಗೂ ಬಿಳಿ ಕೂದಲು ಸಿಕ್ಕಿಕೊಂಡಿದ್ದವು. ಮುಗಿಯದ ನಿದ್ದೆಯ ಸಿಟ್ಟಿನಲ್ಲಿ ಸುಬ್ಬಿ ಕಿಟಕಿ ಕಟ್ಟೆ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ರಾತ್ರಿ ಅವಳನ್ನು ಕೋಣೆಗೆ ಬಿಡುತ್ತಿರಲಿಲ್ಲ, ಆ ಶಿಸ್ತು ನಮಗಿತ್ತು. ಹಗಲೆಲ್ಲ ಅವಳು ಎಲ್ಲಿ ಮಲಗುತ್ತಾಳೆ ಅಂತ ಯಾರೂ ನೋಡಿರಲಿಲ್ಲ.

ಅತ್ತೆ ಒಪ್ಪಲಿಲ್ಲ. "ಒಂದೂವರಿ ವರ್ಷ ಇಲ್ಲದ್ದು ಈಗ ಹೆಂಗ ಬಂತು? ಬೆಕ್ಕು ಹೊಸದೇನಲ್ಲಲ್ಲ?" ಸರಿಯಾದ ಪ್ರಶ್ನೆ. ನನಗೂ ಉತ್ತರ ಗೊತ್ತಿರಲಿಲ್ಲ. ಮೇಡಂ ಹೇಳಿದ್ದು ಹೀಗೆ. ಅಲರ್ಜಿ ಮೊದಲ ದಿನವೇ ಬರುವುದಲ್ಲ. ದೇಹ ಆ ವಸ್ತುವನ್ನು ಮತ್ತೆ ಮತ್ತೆ ನೋಡಿ, ಇದು ವೈರಿ ಅಂತ ತಪ್ಪಾಗಿ ಗುರುತು ಹಾಕಿಕೊಳ್ಳಬೇಕು. ಅದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಗುರುತು ಹಾಕಿಕೊಂಡ ಮೇಲೆ ಪ್ರತಿ ಸಲವೂ ಜಗಳ. ಹಾಗಾಗಿ "ಇಷ್ಟು ದಿನ ಏನೂ ಆಗಿಲ್ಲ" ಅನ್ನೋದು ಬೆಕ್ಕಿನ ಪರ ಸಾಕ್ಷಿ ಆಗುವುದಿಲ್ಲ.

ಖಚಿತ ಮಾಡಿಕೊಳ್ಳಲು ಹುಬ್ಬಳ್ಳಿಗೆ ಕಳಿಸಿದರು, ಚರ್ಮದ ಪರೀಕ್ಷೆಗೆ. ಅದಕ್ಕೆ ಒಂದು ವಾರ ಮುಂಚೆ ಅಲರ್ಜಿಯ ಸಿರಪ್ ನಿಲ್ಲಿಸಬೇಕು, ಇಲ್ಲದಿದ್ದರೆ ಇರುವ ಅಲರ್ಜಿಯೂ ತೋರುವುದಿಲ್ಲ. ಆ ಒಂದು ವಾರ ಮಾತ್ರ ಕಷ್ಟ. ಬೆಳಿಗ್ಗೆ ರೈಲಿಗೆ ಹೋದೆವು. ಸೂಜಿ ಅಂದ ಕೂಡಲೇ ನನಗೇ ಕೈ ಬೆವತಿತ್ತು. ನೋಡಿದರೆ ಅದು ಸೂಜಿಯೇ ಅಲ್ಲ, ಗುಂಡುಸೂಜಿ ತುದಿಯಂಥ ಚಿಕ್ಕ ಪ್ಲಾಸ್ಟಿಕ್ ಮುಳ್ಳು. ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಪ್ರತಿ ಗುರುತಿನ ಪಕ್ಕ ಒಂದೊಂದು ಹನಿ ಬಿಟ್ಟರು. ಬೆಕ್ಕು, ನಾಯಿ, ಜಿರಳೆ, ಹಾಸಿಗೆ ಧೂಳಿನ ಹುಳ, ಕೆಲವು ಗಿಡಗಳ ಪರಾಗ. ಹನಿಯ ಮೇಲೆ ಮುಳ್ಳನ್ನು ಹಗುರಾಗಿ ಒತ್ತಿ ತೆಗೆದರು. ರಕ್ತ ಬರಲಿಲ್ಲ. ಇನ್ನೆರಡು ಹನಿ ಬೇರೆ ಇದ್ದವು. ಒಂದು ಬರೀ ಉಪ್ಪುನೀರು, ಅದಕ್ಕೆ ಏನೂ ಆಗಬಾರದು. ಇನ್ನೊಂದು ಹಿಸ್ಟಮಿನ್, ಅಂದರೆ ತುರಿಕೆ ಎಬ್ಬಿಸುವ ವಸ್ತು, ಅದಕ್ಕೆ ಎಲ್ಲರಿಗೂ ಗುಳ್ಳೆ ಏಳಲೇಬೇಕು. ಇವೆರಡು ಸರಿ ಬಂದರೆ ಮಾತ್ರ ಉಳಿದ ಲೆಕ್ಕಕ್ಕೆ ಬೆಲೆ.

ಚುಚ್ಚುವುದಲ್ಲ ಕಷ್ಟ, ಆಮೇಲಿನ ಹದಿನೈದು ನಿಮಿಷ. ತುರಿಸುತ್ತದೆ, ಕೆರೆಯಬಾರದು. ಮೂರು ವರ್ಷದವಳಿಗೆ ಹೇಗೆ ಹೇಳೋದು? ಯಜಮಾನರು ಅವಳ ಇನ್ನೊಂದು ಕೈ ಹಿಡಿದು ಬೆರಳು ಎಣಿಸಿದರು, ನಾನು ಕೈ ಮೇಲೆ ಊದುತ್ತಿದ್ದೆ. ನಮ್ಮ ಕಣ್ಣೆದುರೇ ಒಂದು ಗುರುತಿನ ಪಕ್ಕ ಸೊಳ್ಳೆ ಕಚ್ಚಿದ ಹಾಗೆ ಬಿಳಿ ಗುಳ್ಳೆ ಎದ್ದಿತು, ಸುತ್ತ ಕೆಂಪು ಹರಡಿತು. ಡಾಕ್ಟರು ಪುಟ್ಟ ಸ್ಕೇಲ್ ಇಟ್ಟು ಅಳೆದರು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್. ಬೆಕ್ಕಿನದು 7. ಧೂಳಿನ ಹುಳದ್ದು ಸರಿಯಾಗಿ 3. ಉಳಿದವು ಏನೂ ಇಲ್ಲ.

ಹಾಳೆ ಕೈಗೆ ಕೊಡುವಾಗ ಅವರು ಹೇಳಿದ ಮಾತು ನನಗೆ ಹಿಡಿಸಿತು. ಬರೀ ಈ ಗುಳ್ಳೆ ನೋಡಿ ಅಲರ್ಜಿ ಅನ್ನುವುದಿಲ್ಲ, ಗುಳ್ಳೆ ಎದ್ದರೂ ಮನೆಯಲ್ಲಿ ಏನೂ ಆಗದ ಮಕ್ಕಳಿದ್ದಾರೆ. ನಿಮ್ಮ ಕ್ಯಾಲೆಂಡರ್ ಇದೆಯಲ್ಲ, ಅದೂ ಇದೂ ಕೂಡಿದ್ದಕ್ಕೆ ಹೇಳುತ್ತಿದ್ದೇನೆ ಅಂದರು. ಅಡುಗೆಮನೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಒಯ್ದಿದ್ದಕ್ಕೆ ರೈಲಿನಲ್ಲಿ ನಾಚಿಕೆಯಾಗಿತ್ತು, ಈಗ ಹೋಯಿತು.

ಕೂದಲಿನ ಕಥೆಯೂ ಅಲ್ಲೇ ಬಿಡಿಸಿಕೊಂಡಿತು. ಅಲರ್ಜಿ ಬೆಕ್ಕಿನ ಕೂದಲಿಗಲ್ಲವಂತೆ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಒಂದು ಪ್ರೋಟೀನ್ ಇದೆ. ಹೆಸರು ಫೆಲ್ ಡಿ 1. ಬೆಕ್ಕಿನ ಹಳೆಯ ಶಾಸ್ತ್ರೀಯ ಹೆಸರು ಫೆಲಿಸ್ ಡೊಮೆಸ್ಟಿಕಸ್, ಅದರ ಮೊದಲಕ್ಷರಗಳು. ಬೆಕ್ಕು ಇಡೀ ದಿನ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಒಣಗುತ್ತದೆ, ಚರ್ಮದ ಹೊಟ್ಟು ಉದುರುತ್ತದೆ, ಎರಡೂ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಗಾಳಿಗೆ ಸೇರುತ್ತವೆ. ಸಾದಾ ಧೂಳಿನ ಹಾಗೆ ಬೇಗ ಕೆಳಗೆ ಕೂರುವುದಿಲ್ಲ, ಗಂಟೆಗಟ್ಟಲೆ ತೇಲುತ್ತದೆ. ಗೋಡೆಗೆ, ಪರದೆಗೆ, ಉಟ್ಟ ಬಟ್ಟೆಗೆ ಅಂಟುತ್ತದೆ. ಬಟ್ಟೆಯ ಜೊತೆ ಬೆಕ್ಕೇ ಇಲ್ಲದ ಶಾಲೆ, ಬಸ್ಸಿಗೂ ಹೋಗುತ್ತದೆ. ಅತ್ತೆ ಲಟ್ಟಣಿಗೆ ಹಿಡಿದು ಕಾದದ್ದು ತಟ್ಟೆಯನ್ನು, ಇದು ಬಂದದ್ದು ಗಾಳಿಯಲ್ಲಿ. ಆದರೂ ಬೆಕ್ಕಿಗೂ ದಮ್ಮಿಗೂ ನಂಟಿದೆ ಅಂತ ಅವರ ಕಾಲದ ಹೆಂಗಸರಿಗೆ ಗೊತ್ತಿತ್ತಲ್ಲ! ದಾರಿ ಮಾತ್ರ ತಪ್ಪಿತ್ತು.

ಬೆಕ್ಕನ್ನು ಕಳಿಸಿಬಿಡಿ ಅಂತ ಅವರು ಒಮ್ಮೆಗೇ ಹೇಳಲಿಲ್ಲ. ಮೊದಲು ಮಲಗುವ ಕೋಣೆಗೆ ಪೂರ್ತಿ ನಿಷೇಧ ಮಾಡಿ ನೋಡಿ ಅಂದರು. ಏಪ್ರಿಲ್ ಇಡೀ ಮಾಡಿದೆವು. ನಮ್ಮ ಮನೆ ಮೂರು ಖಾನೆಯದು, ಬಾಗಿಲು ಮುಚ್ಚಿದರೆ ಬೇಸಿಗೆಯಲ್ಲಿ ಒಲೆ. ಮುಚ್ಚಿದ ಬಾಗಿಲಿನ ಮುಂದೆ ಸುಬ್ಬಿ ಅಳುವುದು, ಅತ್ತೆ ಬಾಗಿಲು ತೆರೆಯುವುದು, ನಾನು ಸಿಡುಕುವುದು. ಸ್ನಾನ ಮಾಡಿಸಿದರೆ ಹೇಗೆ ಅಂತ ಯಜಮಾನರು ಒಂದು ಸಲ ಪ್ರಯತ್ನಿಸಿದರು. ಅವರ ಮುಂಗೈ ಮೇಲಿನ ಮೂರು ಗೆರೆ ಇನ್ನೂ ಇವೆ. ಸ್ನಾನದಿಂದ ಸಿಗುವ ಲಾಭ ಕೆಲವೇ ದಿನದ್ದು ಅಂತ ಆಮೇಲೆ ತಿಳಿಯಿತು. ಅಲರ್ಜಿ ಕೊಡದ ಜಾತಿಯ ಬೆಕ್ಕು ಸಿಗುತ್ತದೆ ಅಂತ ಫೋನಿನಲ್ಲಿ ಹುಡುಕಿದರು. ಹಾಗೆ ಹೇಳಿ ಮಾರುತ್ತಾರೆ ಅಷ್ಟೇ, ಆ ಪ್ರೋಟೀನ್ ಪೂರ್ತಿ ಇಲ್ಲದ ಬೆಕ್ಕಿನ ತಳಿ ಇಲ್ಲ ಅಂದರು ಮೇಡಂ. ಪರೀಕ್ಷೆಯಲ್ಲಿ ನಾಯಿಗೆ ಏನೂ ಬಂದಿಲ್ಲವಲ್ಲ, ಮುಧೋಳ ಮರಿ ತರೋಣವೇ ಅಂತಲೂ ಕೇಳಿದರು. ನಾಯಿಯ ಪ್ರೋಟೀನ್ ಬೇರೆ ನಿಜ, ಆದರೆ ಇವತ್ತು ಇಲ್ಲದ್ದು ನಾಳೆ ಬರಲ್ಲ ಅಂತ ಹೇಳಲಾಗದು. ನಾನೇ ಬೇಡ ಅಂದೆ.

ಮೇ ತಿಂಗಳಲ್ಲಿ ಮತ್ತೊಮ್ಮೆ ರಾತ್ರಿ ಸುಯ್‌ಗುಟ್ಟಿದಳು. ಮರುದಿನ ಸುಬ್ಬಿ ಚೀಲದಲ್ಲಿ ಕೂತು ಭಾವನವರ ಹೊಲದ ಮನೆಗೆ ಹೋದಳು. ಚೀಲದ ಬಾಯಿ ಕಟ್ಟಿದ್ದು ಅತ್ತೆಯೇ. ಎರಡು ದಿನ ಅವರು ರಾತ್ರಿ ಊಟ ಮಾಡಲಿಲ್ಲ, ಹೊಟ್ಟೆ ಸರಿ ಇಲ್ಲ ಅಂದರು. ಹಾಲಿನ ಬಟ್ಟಲನ್ನು ತಿಂಗಳವರೆಗೆ ತೆಗೆಯಲಿಲ್ಲ.

ಬೆಕ್ಕು ಹೋಯಿತು, ಕೆಮ್ಮು ಹೋಗಲಿಲ್ಲ. ಜೂನ್ ಬಂತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ದಮ್ಮಿಗೆ ಮೀನಿನ ಔಷಧಿ ಕೊಡುತ್ತಾರಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ಬೀಗರಿಂದ ಫೋನ್. ಜೀವಂತ ಕೊರವ ಮೀನಿನ ಮರಿಯ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರೆ. ಮೂರೂವರೆ ವರ್ಷದ ಮಗು, ಮೊದಲೇ ಉಸಿರಿನ ತೊಂದರೆ, ಗಂಟಲಲ್ಲಿ ಒದ್ದಾಡುವ ಮೀನು. ಆಗುವುದಿಲ್ಲ ಅಂದೆ. ಸೊಕ್ಕು ಅಂದರು. ಅನ್ನಲಿ.

"ಎರಡ ತಿಂಗಳಾತು ಬೆಕ್ಕು ಹೋಗಿ. ಈಗರ ಒಪ್ಕೊ, ಅದಲ್ಲ" ಅಂತ ಅತ್ತೆ ಜುಲೈನಲ್ಲಿ ಹೇಳಿದಾಗ ನನ್ನ ಧೈರ್ಯವೂ ಕುಸಿದಿತ್ತು. ಮೇಡಂಗೆ ಫೋನ್ ಮಾಡಿದೆ. ಬೆಕ್ಕು ಹೋದರೂ ಅದರ ಪುಡಿ ಮನೆಯಲ್ಲಿ ಕಡಿಮೆಯಾಗಲು 20ರಿಂದ 24 ವಾರ ಬೇಕು, ಕೆಲವು ಮನೆಗಳಲ್ಲಿ ಇನ್ನೂ ಜಾಸ್ತಿ ಅಂದರು. ಮೊದಲೇ ಹೇಳಿದ್ದರಂತೆ, ಹುಬ್ಬಳ್ಳಿಯ ಗಡಿಬಿಡಿಯಲ್ಲಿ ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ಅಲ್ಲಿಂದ ಮನೆ ತೊಳೆಯುವ ಕೆಲಸ. ಹಂಡೆ ತುಂಬ ನೀರು ಕುದಿಸಿ ಹನ್ನೊಂದು ಕೌದಿಯನ್ನೂ ಅಂಗಳದಲ್ಲಿ ತುಳಿದು ಒಗೆದೆವು. ನೆನೆದ ಕೌದಿ ಎತ್ತುವುದು ಅಂದರೆ ನೆನೆದ ಮನುಷ್ಯನನ್ನು ಎತ್ತಿದ ಹಾಗೆ. ಇಬ್ಬರು ಹಿಂಡಬೇಕು, ಒಂದು ತುದಿ ನಾನು, ಒಂದು ತುದಿ ಅತ್ತೆ. ಮಳೆಗಾಲ ಬೇರೆ, ಒಂದೊಂದು ಒಣಗಲು ಮೂರು ದಿನ. ಮಗಳ ಗಾದಿ ಬದಲಿಸಿದೆವು. ಕಸಬರಿಗೆ ಬದಲು ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದೆ, ಪುಡಿ ಮೇಲೇಳಬಾರದಲ್ಲ. ಗೋಡೆಗೂ ಅಂಟಿರುತ್ತದೆ ಅಂದಾಗ, ಹಾಗಾದರೆ ಸುಣ್ಣ ಬಳಿಯೋಣ ಅಂದವರು ಅತ್ತೆ. ಒಪ್ಪಿ ಅಂದರೋ, ನನ್ನ ಹಟ ಮುಗಿಯಲಿ ಅಂತ ಅಂದರೋ ಗೊತ್ತಿಲ್ಲ. ಮಹಾನವಮಿಗೆ ಬಳಿಯುವ ಸುಣ್ಣ ಆ ವರ್ಷ ಆಗಸ್ಟಿನಲ್ಲೇ ಆಯಿತು.

ಸೆಪ್ಟೆಂಬರ್ ಪುಟದಲ್ಲಿ ಇಂಟು ಗುರುತು ಎರಡೇ. ಅಕ್ಟೋಬರ್‌ನಲ್ಲಿ ಬರೀ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ. ಮೂಗಿನ ಮೇಲಿನ ಗೆರೆ ಯಾವಾಗ ಮಾಯವಾಯಿತೋ ಗಮನಿಸಲಿಲ್ಲ. ಇನ್ಹೇಲರ್ ಇನ್ನೂ ಚೀಲದಲ್ಲಿದೆ, ಯಾವಾಗ ಬಿಡುವುದು ಅನ್ನೋದು ಮೇಡಂ ಕೈಯಲ್ಲಿ.

ಈ ಜನವರಿ ಗವಿಮಠದ ಜಾತ್ರೆಗೆ ಎಂದಿನಂತೆ ಮನೆ ತುಂಬ ಮಂದಿ. ಯಜಮಾನರ ಚಿಗವ್ವ ಬಂದರು. ಅವರ ಮನೆಯಲ್ಲಿ ಮೂರು ಬೆಕ್ಕು. ಬಂದವರೇ ಮಗಳನ್ನು ಎತ್ತಿ ಸೆರಗಿನಲ್ಲಿ ಮುಚ್ಚಿ ಮುದ್ದಾಡಿದರು. ನಾನು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದೆ, ಹಿಟ್ಟಿನ ಕೈ. ಸ್ವಲ್ಪ ಹೊತ್ತಿಗೆ ಒಂದು ಸೀನು ಕೇಳಿತು. ಇನ್ನೊಂದು. ತಿರುಗಿ ನೋಡುವಷ್ಟರಲ್ಲಿ ಮಗಳ ಅಂಗೈ ಮೂಗಿನ ಕೆಳಗೆ ಹೋಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಅತ್ತೆಯ ದನಿ ಬಂತು. "ಕೂಸಿನ ಇತ್ತ ಕೊಡು. ನೀ ಒಳಗ ಬಾ, ನನ್ನ ಸೀರಿ ಕೊಡ್ತೀನಿ, ಇದನ್ನ ಬಿಚ್ಚಿ ಹೊರಗ ಹಾಕು."

"ಯಾಕ? ಈಗ ಉಟ್ಟೀನಿ, ಒಗದ ಸೀರಿ" ಅಂದರು ಚಿಗವ್ವ.

"ಒಗದಿರಬೇಕು. ಆದ್ರ ಬೆಕ್ಕು ಮಲಗಿರ್ತೈತಿ" ಅಂದ ಅತ್ತೆ ಟ್ರಂಕಿನ ಬೀಗ ತೆಗೆಯಲು ಹೋದರು.